ತಡವಾಗಿ ಹೊರಬಂದ ಹಾಳೆ

ಫೋನು ಬಂದಾಗ ನಾನು ಮೂಲಂಗಿ ತುರಿಯುತ್ತಿದ್ದೆ.

"ಮೇಡಂ, ಯೆನ್ ಮಾತಾಡ್ತಿರೋದು. ಮಾತ್ಸು ತಾಯಿ ಗುಡೀಲಿದೀನಿ. ನೀವು ಸ್ವಲ್ಪ ಕೂತ್ಕೊಳ್ಳಿ."

"ಎಪ್ಪತ್ತು ದಾಟಿದೋಳು ಕೂತೇ ಇರ್ತೀನಪ್ಪ. ಹೇಳು."

"ಕುನ್‌ತಾ ಅಣ್ಣ ನಗಾರಿ ಗೋಪುರದಿಂದ ಬಿದ್ದಿದಾರೆ. ಇಲ್ಲ ಮೇಡಂ. ಹೋಗ್ಬಿಟ್ರು."

ಇನ್ಸ್‌ಪೆಕ್ಟರ್ ಯೆನ್ ನನ್ನ ಕೈಕೆಳಗೆ ಪಳಗಿದವನು. ಸಾವಿನ ಸುದ್ದಿಯನ್ನು ಸುತ್ತಿ ಬಳಸಿ ಹೇಳಬಾರದು, ಕೇಳುವವರಲ್ಲಿ ಸುಳ್ಳು ಆಸೆ ಹುಟ್ಟಿಸಬಾರದು ಎಂದು ಪೊಲೀಸ್ ಠಾಣೆಯಲ್ಲಿ ಅವನಿಗೆ ಕಲಿಸಿದವಳು ನಾನೇ. ಅವನು ಚೆನ್ನಾಗಿ ಕಲಿತಿದ್ದ.

ಒಲೆ ಆರಿಸಿದೆ. ಕೈ ತೊಳೆದೆ. ಮನೆಯ ದೇವರ ಮುಂದೆ ಊದುಬತ್ತಿ ಹಚ್ಚಲು ಹೋದರೆ ಕಡ್ಡಿ ಗೀರಿದಂತೆಲ್ಲ ಆರಿಹೋಗುತ್ತಿತ್ತು. ಗಾಳಿ ಇರಲಿಲ್ಲ. ನನ್ನ ಕೈಯೇ ಅದನ್ನು ಆರಿಸುತ್ತಿತ್ತು.

ಕಡಲ ದೇವಿ ಮಾತ್ಸುವಿನ ಗುಡಿಯ ಅಂಗಳದ ಬಲಗಡೆ, ನಗಾರಿ ಗೋಪುರದ ಕೆಳಗೆ, ಕಲ್ಲುಹಾಸಿನ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಬಟ್ಟೆಯ ಹೊರಗೆ ಒಂದು ಪಾದ ಕಾಣುತ್ತಿತ್ತು. ಅದರಲ್ಲಿ ನಾನೇ ಹೆಣೆದುಕೊಟ್ಟ ಬೂದು ಕಾಲುಚೀಲ. ಗುಡಿಯ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ನನ್ನ ತಮ್ಮ ಲಾಯ್ ಕುನ್‌ತಾ.

ನಾನು ಬಟ್ಟೆ ಎಳೆದು ಆ ಪಾದವನ್ನು ಮುಚ್ಚಿದೆ. ಆಮೇಲೆ ಎದ್ದು ನಿಂತೆ.

"ಪಾಪ, ಸೋತುಬಿಟ್ಟ," ಎಂದ ಗುಡಿಯ ಆಡಳಿತ ಮಂಡಳಿಯ ಅಧ್ಯಕ್ಷ ಕೋ. ಅಡಿಕೆ ಜಗಿಯುವುದನ್ನು ಅವನು ಆಗಲೂ ನಿಲ್ಲಿಸಿರಲಿಲ್ಲ. "ನಾವೇನು ಅವನನ್ನ ಹೊರಗೆ ಹಾಕ್ತಿದ್ವಾ, ಗುಯಿಮೆಯ್ ಅಕ್ಕ? ಹಳೇ ತಂತ್ರಾಂಶ ಹೋಯ್ತು, ಹೊಸದು ಬರುತ್ತೆ. ಇಷ್ಟಕ್ಕೆ ಹಾರ್ಕೊಳ್ಳೋದಾ?"

"ಹಾರ್ಕೊಂಡ ಅಂತ ಯಾರು ಹೇಳಿದ್ದು?"

"ನಮ್ಮ ಬೋಹಾನ್ ಕಣ್ಣಾರೆ ನೋಡಿದಾನೆ."

ಬೋಹಾನ್ ಅಧ್ಯಕ್ಷನ ಸೋದರಳಿಯ. ಪಟ್ಟಣದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು, ಗುಡಿಗೆ ಹೊಸ ತಂತ್ರಾಂಶ ಹಾಕಿಕೊಡಲು ಹಲವು ತಿಂಗಳಿಂದ ಓಡಾಡುತ್ತಿದ್ದವನು. ಮುಖ ಬಾಡಿಸಿಕೊಂಡು ಮುಂದೆ ಬಂದ.

"ಹಾರಿದ್ದನ್ನ ನೋಡ್ಲಿಲ್ಲ ಅಜ್ಜಿ. ಅದಕ್ಕೆ ಮುಂಚೆ ನಡೆದದ್ದನ್ನ ನೋಡ್ದೆ. ನಿನ್ನೆ ಸಂಜೆ ಕಚೇರೀಲಿ ತಾತನ ಪಕ್ಕದಲ್ಲೇ ನಿಂತಿದ್ದೆ. ನನ್ನೆದುರಿಗೇ ಹಳೇ ತಂತ್ರಾಂಶದಲ್ಲಿ ಅಚ್ಚಿನ ಕೀಲಿ ಒತ್ತಿದ್ರು. ಒತ್ತಿದ್ದೇ ತಡ, ಪ್ರಿಂಟರು ಝರ್ರ್ ಅಂತ ಹಾಳೆ ಉಗುಳ್ತು. ಬರೀ ಖಾಲಿ. ಒಂದಕ್ಷರ ಇಲ್ಲ. ಮತ್ತೆ ಒತ್ತಿದ್ರು, ಮತ್ತೆ ಝರ್ರ್, ಮತ್ತೆ ಖಾಲಿ. 'ಇಷ್ಟು ವರ್ಷದ್ದು ನೀರಲ್ಲಿ ಹೋಮ ಆಯ್ತು' ಅಂತ ತಲೆ ಮೇಲೆ ಕೈ ಹೊತ್ಕೊಂಡ್ರು. ನಾನು ಸಮಾಧಾನ ಹೇಳಿ ಮನೆಗೆ ಹೋದೆ. ಹೋಗಬಾರದಿತ್ತು."

ಕಚೇರಿಯ ನೆಲದ ಮೇಲೆ ಹಳದಿ ಹಾಳೆಗಳು ಬಿದ್ದಿದ್ದವು. ಅಂಚಿಗೆ ಸಾಲು ತೂತುಗಳಿರುವ, ಒಂದಕ್ಕೊಂದು ಅಂಟಿಕೊಂಡ ಉದ್ದನೆಯ ಹಾಳೆ. ಒಂದಕ್ಷರವೂ ಇರಲಿಲ್ಲ.

"ಇವನಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿತ್ತು," ಎಂದೆ. "ಆ ಗೋಪುರದ ಏಣಿ ಹತ್ತಿ ವರ್ಷಗಳೇ ಆಗಿದ್ದವು."

"ಸಾಯೋಕೆ ಹೊರಟವನಿಗೆ ಮೊಣಕಾಲು ನೆನಪಾಗುತ್ತಾ ಅಕ್ಕ?" ಎಂದ ಕೋ.

ಯೆನ್ ತಲೆ ತಗ್ಗಿಸಿದ. ಅವನ ಮೇಲಿನವರು ಆ ವಾರದಲ್ಲೇ ಪ್ರಕರಣ ಮುಚ್ಚಿದರು. ಸೋತು ಜೀವ ಕಳೆದುಕೊಂಡ ಮುದುಕ. ಸಾಕ್ಷಿ ಇದೆ, ಖಾಲಿ ಹಾಳೆಗಳಿವೆ. ಇನ್ನೇನು ಬೇಕು?

ನನಗೆ ಬೇಕಾದದ್ದು ಒಂದೇ. ಅದನ್ನು ಪುರೋಹಿತ ಕುವೋ ನನ್ನ ಕೈಯಿಂದ ಕಿತ್ತುಕೊಂಡಿದ್ದರು.

ನಮ್ಮಲ್ಲಿ ಸತ್ತವರ ಏಳನೆಯ ದಿನಕ್ಕೆ ಬಿನ್ನಹ ಓದುತ್ತಾರೆ. ಹೋದವರ ಹೆಸರು, ಊರು, ಮನೆತನ, ಸಾವಿನ ಬಗೆ, ಉಳಿದವರ ಬೇಡಿಕೆ ಎಲ್ಲವನ್ನೂ ಹಳದಿ ಹಾಳೆಯ ಮೇಲೆ ಅಚ್ಚು ಮಾಡಿ, ದೇವಿಯ ಎದುರಿಗೆ ಓದಿ, ಸೂರ್ಯ ಮುಳುಗುವ ಮೊದಲು ಸುಡುತ್ತಾರೆ. ಆಗ ಹೋದವನಿಗೆ ದಾರಿ ಕಾಣುತ್ತದೆ. ತಾನೇ ಪ್ರಾಣ ಕಳೆದುಕೊಂಡವನ ಬಿನ್ನಹವನ್ನು ಮಾತ್ರ ನಮ್ಮ ಗುಡಿಯ ಒಳಗೆ ಓದುವುದಿಲ್ಲ. ಹೊಸ್ತಿಲ ಆಚೆ, ತಗ್ಗು ಮೇಜಿನ ಮುಂದೆ, ದಿಕ್ಕಿಲ್ಲದವರ ಜೊತೆ ಅವನನ್ನು ಕರೆಯುತ್ತಾರೆ.

"ನನ್ನ ತಮ್ಮನ ಹೆಸರು ಒಳಗೇ ಓದಬೇಕು, ಗುರುಗಳೇ," ಎಂದು ಕೇಳಿಕೊಂಡಿದ್ದೆ.

"ಪದ್ಧತಿ ಗೊತ್ತಿದ್ದೂ ಕೇಳ್ತೀಯಲ್ಲಮ್ಮ," ಎಂದರು ಕುವೋ. ದೊಡ್ಡ ಕಂಠದ, ನಿಧಾನದ ಮನುಷ್ಯ. ನನ್ನ ತಂದೆತಾಯಿಯರ ಬಿನ್ನಹ ಓದಿದವರೂ ಅವರೇ. "ಪೊಲೀಸರ ತೀರ್ಮಾನ ಬದಲಾಗ್ಲಿ, ನಾನೂ ಬದಲಾಯಿಸ್ತೀನಿ."

"ಬದಲಾಗುತ್ತೆ," ಎಂದು ಹೇಳಿ ಬಂದಿದ್ದೆ.

ಈ ಗುಡಿಯಲ್ಲಿ ಮೂವತ್ತು ವರ್ಷಗಳಿಂದ ಓದಿದ ಬಿನ್ನಹಗಳೆಲ್ಲ ಕುನ್‌ತಾ ಬರೆದ ತಂತ್ರಾಂಶದಿಂದಲೇ ಹೊರಬಂದವು. ಕಪ್ಪು ಪರದೆ, ಹಸಿರು ಅಕ್ಷರ, ಸೂಜಿಗಳಿಂದ ಕುಟ್ಟಿ ಬರೆಯುವ ಕಿವಿಗಡಚಿಕ್ಕುವ ಪ್ರಿಂಟರು. ಸಮುದ್ರದ ಉಪ್ಪುಗಾಳಿಗೆ ಹಳೆಯ ಕಂಪ್ಯೂಟರು ತುಕ್ಕು ಹಿಡಿದು ಸತ್ತಿತು. ಹೊಸದು ಬಂತು. ಹೊಸದಕ್ಕೆ ಹಳೆಯ ತಂತ್ರಾಂಶದ ಮಾತು ಅರ್ಥವಾಗಲಿಲ್ಲ, ಹಳೆಯ ಪ್ರಿಂಟರಿನ ದಪ್ಪ ತಂತಿಗೆ ಅದರಲ್ಲಿ ಜಾಗವೇ ಇರಲಿಲ್ಲ.

"ಹೊಸ ಪ್ರಿಂಟರು ತಗೊಂಡ್ರಾಯ್ತಲ್ಲೋ," ಎಂದು ನಾನೂ ಒಮ್ಮೆ ಅಂದಿದ್ದೆ.

"ಅಕ್ಕ, ಸತ್ತವರಿಗೆ ಈ ಅಕ್ಷರ ರೂಢಿಯಾಗಿದೆ," ಎಂದು ನಕ್ಕಿದ್ದ. "ಬೇರೆ ಅಕ್ಷರದಲ್ಲಿ ಕರೆದ್ರೆ ಯಾರನ್ನೋ ಕರೀತಿದಾರೆ ಅಂತ ತಿರುಗಿ ನೋಡೋದೇ ಇಲ್ಲ."

ತಂತಿಗೊಂದು ಜೋಡಣೆ ಹಾಕಿ, ಹೊಸ ಯಂತ್ರದ ಹೊಟ್ಟೆಯೊಳಗೆ ಹಳೆಯ ಯಂತ್ರದಂತೆ ನಟಿಸುವ ಇನ್ನೊಂದು ತಂತ್ರಾಂಶವನ್ನು ಕೂರಿಸಿದರೆ ಸಾಕು, ಹಳೆಯದು ತನ್ನ ಕಾಲದಲ್ಲೇ ಇದ್ದೇನೆಂದು ತಿಳಿದು ಕೆಲಸ ಮಾಡುತ್ತದೆ ಎನ್ನುತ್ತಿದ್ದ. ಸಾವಿನ ಸುದ್ದಿ ಬರುವ ಹಿಂದಿನ ದಿನ ಫೋನಿನಲ್ಲಿ, "ನಾಳೆ ಮಂಡಳಿಯವರ ಮುಂದೆ ತೋರಿಸ್ತೀನಿ, ನೀನೂ ಬಾ," ಎಂದಿದ್ದ. ಆ ದನಿಯಲ್ಲಿ ಸೋಲು ಇರಲಿಲ್ಲ. ಆದರೆ ದನಿಯನ್ನು ಯಾರೂ ಸಾಕ್ಷಿ ಎಂದು ಒಪ್ಪುವುದಿಲ್ಲ.

ಏಳನೆಯ ದಿನ ಬೆಳಿಗ್ಗೆ ಯೆನ್‌ನನ್ನು ಕರೆದುಕೊಂಡು ಗುಡಿಗೆ ಹೋದೆ. ಆ ಮಧ್ಯಾಹ್ನವೇ ಬೋಹಾನ್ ಬಂದು ಕಂಪ್ಯೂಟರಿನಲ್ಲಿರುವುದನ್ನೆಲ್ಲ ಅಳಿಸಿ ತನ್ನದನ್ನು ಹಾಕುವವನಿದ್ದ.

"ಪ್ರಕರಣ ಮುಚ್ಚಿದೆ ಮೇಡಂ," ಎಂದ ಯೆನ್, ಕಚೇರಿಯ ಬಾಗಿಲಲ್ಲಿ.

"ಮುಚ್ಚಿದ್ಮೇಲೆ ಬೀಗ ತೆಗೆಯೋಕೆ ನಿಂಗೇನು ಭಯ?"

ಅವನು ಬೀಗ ತೆಗೆದ.

ಕುನ್‌ತಾನ ಕುರ್ಚಿಯಲ್ಲಿ ಕೂತೆ. ಹೊಸ ಪರದೆಯ ನಡುವೆ ಪುಟ್ಟ ಕಪ್ಪು ಚೌಕ ತೆರೆದುಕೊಂಡಿತು. ಅದರೊಳಗೆ ಹಸಿರು ಅಕ್ಷರಗಳು. ಸತ್ತವರ ಹೆಸರು ಎಂದು ಕೇಳಿತು. ನನ್ನ ತಮ್ಮನ ಹೆಸರನ್ನು ಒಂದು ಬೆರಳಿನಲ್ಲಿ ಒತ್ತಿದೆ. ಸಾವಿನ ಬಗೆ ಎಂದು ಕೇಳಿತು. 'ಆಯುಷ್ಯ ತೀರಿ ಹೋದವರು' ಎಂಬುದನ್ನೇ ಆರಿಸಿದೆ.

"ಮೇಡಂ," ಎಂದ ಯೆನ್ ಮೆತ್ತಗೆ.

"ಸುಮ್ನಿರು."

ಅಚ್ಚಿನ ಕೀಲಿ ಒತ್ತಿದೆ.

ಏನೂ ಆಗಲಿಲ್ಲ. ಪ್ರಿಂಟರಿನ ದೀಪ ಉರಿಯುತ್ತಿತ್ತು, ಹಾಳೆ ಸಿಕ್ಕಿಸಿತ್ತು, ತಂತಿ ಭದ್ರವಾಗಿತ್ತು. ಸೂಜಿ ಅಲುಗಲಿಲ್ಲ. ಮತ್ತೆ ಒತ್ತಿದೆ. ಆಗಲೂ ಏನಿಲ್ಲ.

ಕೀಲಿಯಿಂದ ಕೈ ತೆಗೆದೆ. ಹಾಗಾದರೆ ನಿಜವೇ. ಅವನಿಂದ ಆಗಿರಲಿಲ್ಲ. ನನಗೆ ಧೈರ್ಯದ ಮಾತಾಡಿ, ಒಳಗೇ ಸೋತು, ಆ ನೋವಿನ ಕಾಲಲ್ಲಿ ಏಣಿ ಹತ್ತಿದ್ದ.

"ಬಿಡಿ ಮೇಡಂ. ಮನೆಗೆ ಹೋಗೋಣ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು."

ಕಣ್ಣು ಮಂಜಾಗಿತ್ತು. ಹಚ್ಚಿದ್ದನ್ನು ಆರಿಸಿ, ತೆರೆದದ್ದನ್ನು ಮುಚ್ಚಿ ಹೋಗುವುದು ನನ್ನ ಹಳೆಯ ರೂಢಿ. ಆ ಕಪ್ಪು ಚೌಕವನ್ನು ಮುಚ್ಚಿದೆ.

ಪ್ರಿಂಟರು ಕಿರುಚಿತು.

ಯೆನ್ ಹೆದರಿ ಗೋಡೆಗೆ ಆತುಕೊಂಡ. ಸೂಜಿಗಳು ಎಡಕ್ಕೂ ಬಲಕ್ಕೂ ಓಡಾಡಿ ಹಳದಿ ಹಾಳೆಯನ್ನು ಕುಟ್ಟತೊಡಗಿದವು. ಕಪ್ಪಗೆ, ದಟ್ಟವಾಗಿ, ಒಂದೂ ಚುಕ್ಕೆ ತಪ್ಪದೆ ನನ್ನ ತಮ್ಮನ ಹೆಸರು ಮೇಲೆ ಬಂತು. ಪೂರ್ತಿ ಬಿನ್ನಹ ಮುಗಿಯಿತು. ಆಮೇಲೆ ಅದೇ ಇನ್ನೊಮ್ಮೆ ಬಂತು. ನಾನು ಕೀಲಿಯನ್ನು ಎರಡು ಸಲ ಒತ್ತಿದ್ದೆನಲ್ಲ.

"ಇದೇನು ಮೇಡಂ, ಭೂತ ಹೊಕ್ಕಿದೆಯಾ ಇದಕ್ಕೆ?"

"ಭೂತ ಅಲ್ಲ, ಪೆದ್ದಪ್ಪ. ನಾಚಿಕೆ ಸ್ವಭಾವ."

ಮತ್ತೆ ತೆರೆದು ಒತ್ತಿದೆ. ಮೌನ. ಮುಚ್ಚಿದೆ. ಹಾಳೆ ಬಂತು. ಯೆನ್‌ನಿಂದಲೂ ಮಾಡಿಸಿದೆ. ಹಾಗೆಯೇ ಆಯಿತು. ಒತ್ತಿದಾಗ ಹೊಸ ಯಂತ್ರ ಅಚ್ಚಾಗಬೇಕಾದದ್ದನ್ನು ಒಳಗೇ ಇಟ್ಟುಕೊಳ್ಳುತ್ತದೆ. ಹಳೆಯದಕ್ಕೆ ಹೇಳುವುದು ಇನ್ನೂ ಇದೆಯೇನೋ ಎಂದು ಕಾಯುತ್ತದೆ. ಹಳೆಯದು ಎದ್ದು ಹೋದ ಮೇಲೆಯೇ ಎಲ್ಲವನ್ನೂ ಒಟ್ಟಿಗೆ ಹೊರಗೆ ಕಳಿಸುತ್ತದೆ.

ಮೊದಲು ಅತ್ತೆ. ನನ್ನ ತಮ್ಮ ಗೆದ್ದಿದ್ದ. ಆಮೇಲೆ ಬೋಹಾನನ ಮಾತು ನೆನಪಾಯಿತು. ಅಳು ನಿಂತಿತು.

"ಯೆನ್, ಆ ಖಾಲಿ ಹಾಳೆ ಹೇಗೆ ಬಂತು ಹೇಳು."

ಅವನು ಪ್ರಿಂಟರಿನ ಸುತ್ತ ನೋಡಿ, ಹಾಳೆ ಮುಂದೆ ತಳ್ಳುವ ಗುಂಡಿಯನ್ನು ಒತ್ತಿದ. ಝರ್ರ್ ಎಂದು ಖಾಲಿ ಹಾಳೆ ಹೊರಬಂತು. ಅವನ ಮುಖದ ಬಣ್ಣ ಬದಲಾಯಿತು.

"ಯಾರೋ ಬೇಕಂತ ಹೊರಗೆ ತಳ್ಳಿದಾರೆ."

"ಮಧ್ಯಾಹ್ನ ನಿನ್ನ ಸಮವಸ್ತ್ರ ಹಾಕ್ಕೊಂಡು ಬಾ."

ಬೋಹಾನ್ ಬಂದಾಗ ಕೋ ಕೂಡ ಜೊತೆಯಲ್ಲಿದ್ದ. ಒಳಗಿನ ಮಂಟಪದಲ್ಲಿ ಪುರೋಹಿತ ಕುವೋ ನಿಲುವಂಗಿ ತೊಟ್ಟು ಮಧ್ಯಾಹ್ನದ ವಿಧಿಗೆ ಅಣಿಮಾಡುತ್ತಿದ್ದರು. ಬೀದಿಯ ಹೆಂಗಸರು ವಿಧಿಯಲ್ಲಿ ಸುಡಲೆಂದು ಕಾಗದದ ತಾವರೆ ಮಡಿಸುತ್ತಾ ಕೂತಿದ್ದರು. ನಾನು ಕಚೇರಿಯ ಬಾಗಿಲನ್ನು ಅಗಲವಾಗಿ ತೆರೆದಿಟ್ಟೆ. ಕೇಳುವವರು ಕೇಳಲಿ.

"ಏನಕ್ಕ, ಇನ್ಸ್‌ಪೆಕ್ಟರನ್ನ ಕಾವಲಿಗಿಟ್ಕೊಂಡು ಕೂತಿದೀರ?" ಎಂದ ಕೋ. "ಕೆಲಸ ಬಿಟ್ಟು ಎಷ್ಟು ಕಾಲ ಆಯ್ತು? ಮನೇಲಿ ಕೂತು ಗಂಜಿ ಕುಡಿದು ಟೀವಿ ನೋಡಬಾರದಾ?"

"ನೋಡ್ದೆ. ಅದರಲ್ಲಿ ಬರೋ ಕಳ್ಳರು ನಿಮ್ಮಷ್ಟು ಚೆನ್ನಾಗಿ ನಟಿಸಲ್ಲ. ಬೋಹಾನ್, ಬಾ ಮಗು, ಕೂತ್ಕೋ. ಈ ಕುರ್ಚೀಲೇ."

"ನನಗೆ ಕೆಲಸ ಇದೆ ಅಜ್ಜಿ. ಇದನ್ನ ಅಳಿಸಿ..."

"ಅಳಿಸುವಿಯಂತೆ. ಅದಕ್ಕೆ ಮುಂಚೆ ಆವತ್ತು ಸಂಜೆ ನಡೆದದ್ದನ್ನ ಇನ್ನೊಂದ್ಸಲ ಹೇಳು. ಮುದುಕಿ, ಮರೆತುಹೋಗಿದೆ."

ಅವನು ಮಾವನ ಮುಖ ನೋಡಿದ. ಕೋ ಹೇಳೆಂದು ಕೈ ಬೀಸಿದ.

"ತಾತ ಕೀಲಿ ಒತ್ತಿದ್ರು. ಖಾಲಿ ಹಾಳೆ ಬಂತು."

"ಒತ್ತಿದ ತಕ್ಷಣವಾ, ತಡವಾಗಿಯಾ?"

"ತಕ್ಷಣ. ಒತ್ತಿದ್ದೇ ತಡ ಝರ್ರ್ ಅಂತು. ಹೇಳಿದ್ನಲ್ಲ."

"ತಂತ್ರಾಂಶ ಪರದೆ ಮೇಲೆ ತೆರೆದೇ ಇತ್ತಾ?"

"ಹೂಂ, ತೆರೆದೇ ಇತ್ತು. ಮತ್ತೆ ಒತ್ತಿದ್ರು, ಮತ್ತೆ ಬಂತು."

"ಯೆನ್, ಕೇಳಿಸ್ಕೊಂಡೆಯಾ?"

"ಕೇಳಿಸ್ಕೊಂಡೆ ಮೇಡಂ. ಠಾಣೇಲೂ ಇದನ್ನೇ ಹೇಳಿ ಸಹಿ ಹಾಕಿದಾರೆ."

"ಸರಿ. ಬಿನ್ನಹ ಪರದೆ ಮೇಲೆ ಸಿದ್ಧ ಇದೆ. ಈಗ ನೀನೇ ಒತ್ತಪ್ಪ."

ಬೋಹಾನ್ ತುಟಿ ಕೊಂಕಿಸಿ ಕೀಲಿ ಒತ್ತಿದ. ಕಚೇರಿ ನಿಶ್ಶಬ್ದವಾಗಿತ್ತು. ಹೊರಗೆ ಕಾಗದ ಮಡಿಸುವ ಸದ್ದು ಮಾತ್ರ ಕೇಳುತ್ತಿತ್ತು.

"ಝರ್ರ್ ಎಲ್ಲಿ?" ಎಂದೆ.

ಅವನು ಇನ್ನೊಮ್ಮೆ ಒತ್ತಿದ. ಮತ್ತೊಮ್ಮೆ ಒತ್ತಿದ. ಬಗ್ಗಿ ತಂತಿ ನೋಡಿದ. "ಕೆಟ್ಟಿದೆ ಇದು. ನಾನು ಅವತ್ತೇ ಹೇಳಿದ್ದೆ, ಗುಜರಿ ಸಾಮಾನು ಅಂತ."

"ಕೆಟ್ಟಿದೆಯಾ? ಸ್ವಲ್ಪ ಆ ಕಡೆ ಸರಿ."

ನಾನು ಕೈ ಚಾಚಿ ಕಪ್ಪು ಚೌಕವನ್ನು ಮುಚ್ಚಿದೆ. ಪ್ರಿಂಟರು ಕಿರುಚಿತು. ಹೆಂಗಸರು ತಾವರೆಗಳನ್ನು ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದರು. ಲಾಯ್ ಕುನ್‌ತಾ, ಲಾಯ್ ಕುನ್‌ತಾ ಎಂದು ಅವನು ಒತ್ತಿದಷ್ಟು ಸಲವೂ ಅಚ್ಚಾಗಿ ಹಾಳೆ ನೆಲದವರೆಗೆ ಇಳಿಯಿತು.

"ನನ್ನ ತಮ್ಮ ಕೂರಿಸಿದ್ದು ಹೀಗೆ ಕೆಲಸ ಮಾಡುತ್ತೆ. ಒತ್ತಿದಾಗ ಏನೂ ಬರೋಲ್ಲ. ಮುಚ್ಚಿದ್ಮೇಲೆ ಎಲ್ಲಾ ಬರುತ್ತೆ. ನೀನು ಅವನ ಪಕ್ಕದಲ್ಲಿ ನಿಂತು ಒಂದೇ ಒಂದು ಸಲ ನೋಡಿದ್ರೂ ಇದು ನಿಂಗೆ ಗೊತ್ತಿರ್ತಿತ್ತು."

"ಆವತ್ತು ಬೇರೆ ಥರ ಇತ್ತೇನೋ! ನಾನು ಹೋದ್ಮೇಲೆ ತಾತ ಸರಿ ಮಾಡಿರಬಹುದು!"

"ಆಹಾ, ಜಾಣ." ನಾನು ಎದ್ದು ನಿಂತೆ. "ನೀನು ಹೋದ್ಮೇಲೆ ಸರಿ ಮಾಡಿದ ಅಂದ್ಕೊಳ್ಳೋಣ. ಹಂಗಾದ್ರೆ ಅವನು ಗೆದ್ದ. ಬೆಳಗಾದ್ರೆ ನಿಮ್ಮೆಲ್ಲರ ಮುಂದೆ ಮೀಸೆ ತಿರುವಬೇಕಾದವನು ಗೋಪುರ ಹತ್ತಿ ಯಾಕೆ ಹಾರ್ತಾನೆ? ಮೊದಲೇ ಸರಿ ಇತ್ತು ಅಂದ್ರೆ ನೀನು ಸುಳ್ಳು. ಯಾವುದು ಬೇಕು ಆರಿಸ್ಕೋ. ಎರಡರಲ್ಲೂ ನನ್ನ ತಮ್ಮ ಸೋತಿಲ್ಲ."

ಬೋಹಾನ್ ಕುರ್ಚಿ ಹಿಂದಕ್ಕೆ ತಳ್ಳಿ ಮಾವನ ಕಡೆ ತಿರುಗಿದ. 

"ಅವನನ್ನ ಹೆದರಿಸ್ತಿದೀರಿ ನೀವು!" ಎಂದ ಕೋ.

"ಹೆದರ್ಸೋದನ್ನ ಇನ್ನೂ ಶುರು ಮಾಡಿಲ್ಲ ನಾನು. ಬೋಹಾನ್, ಇವತ್ತು ಏಳನೇ ದಿನ. ಹೋದವನು ಮನೆಗೆ ಬರೋ ದಿನ. ದೇವಿ ಮುಖ ನೋಡಿ ಹೇಳು. ಆ ಸಂಜೆ ನೀನು ಎಲ್ಲಿದ್ದೆ?"

ಬಾಗಿಲಿನಿಂದ ನೇರಕ್ಕೆ ಮಾತ್ಸು ತಾಯಿಯ ಕಪ್ಪು ಮುಖ ಕಾಣುತ್ತಿತ್ತು. ಹೊಗೆ ಕುಡಿದು ಕಪ್ಪಾದ ಮುಖ. ಬೋಹಾನ್ ಒಮ್ಮೆ ನೋಡಿದ. ತಲೆ ಕೆಳಗೆ ಹಾಕಿದ.

"ಗುಡಿಗೇ ಬಂದಿರ್ಲಿಲ್ಲ ಅಜ್ಜಿ. ಅಂಗಡೀಲಿದ್ದೆ. ತಾತನ್ನ ನಾನು ಏನೂ ಮಾಡಿಲ್ಲ, ದೇವರಾಣೆ. ಬೆಳಿಗ್ಗೆ ನನ್ನನ್ನ ಕರೆಸಿದ್ರು. ಬಂದಾಗ ಆ ಹಾಳೆ ಆಗಲೇ ನೆಲದ ಮೇಲಿದ್ವು. 'ನಿಮ್ಮ ಮಾವನ ಮರ್ಯಾದೆ ಉಳೀಬೇಕಂದ್ರೆ ನೀನು ನೋಡಿದೆ ಅಂತ ಹೇಳು' ಅಂದ್ರು. ಏನು ಹೇಳ್ಬೇಕು ಅಂತಾನೂ ಹೇಳಿಕೊಟ್ರು."

"ನನ್ನ ಮರ್ಯಾದೆನಾ?" ಕೋ ಜಗಿಯುವುದನ್ನು ಮೊದಲ ಸಲ ನಿಲ್ಲಿಸಿದ. "ನಾನೇನು ಮಾಡಿದೀನೋ? ಯಾರು ಹಂಗಂದಿದ್ದು?"

ಸುಳ್ಳು ಬೆರಗನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಇದು ನಿಜವಾದದ್ದು.

 ಬೋಹಾನನ ಕಣ್ಣು ನನ್ನ ಭುಜದ ಮೇಲಿಂದ ಹಿಂದಕ್ಕೆ ಹೋಗಿ ನಿಂತಿತು. ನಾನು ತಿರುಗಿದೆ.

ಹೆಂಗಸರು ದಾರಿ ಬಿಟ್ಟು ಸರಿದಿದ್ದರು. ಬಾಗಿಲಲ್ಲಿ ಪುರೋಹಿತ ಕುವೋ ನಿಂತಿದ್ದರು. ಒಂದು ಕೈಯಲ್ಲಿ ಗಂಟೆ. ಇನ್ನೊಂದು ಕೈ ಖಾಲಿ, ಮುಂದಕ್ಕೆ ಚಾಚಿತ್ತು.

"ಹೊತ್ತು ಮೀರ್ತಾ ಇದೆ," ಎಂದರು. ಆ ದೊಡ್ಡ ಕಂಠ ಸ್ವಲ್ಪವೂ ಅಲುಗಿರಲಿಲ್ಲ. "ಯಾವ ಹಾಳೆ ಓದ್ಲಿ?"

ಯೆನ್ ಒಂದು ಹೆಜ್ಜೆ ಮುಂದಿಟ್ಟ. ನಾನು ಅವನ ತೋಳು ಹಿಡಿದೆ.

"ಮೇಡಂ, ಇವರು..."

"ಗೊತ್ತು. ಈ ಪಟ್ಟಣದಲ್ಲಿ ಬಿನ್ನಹ ಓದೋ ದೀಕ್ಷೆ ಇರೋದು ಇವರೊಬ್ಬರಿಗೇ. ಸೂರ್ಯ ಮುಳುಗಿದ್ಮೇಲೆ ಇವರನ್ನ ನೀನು ಎಲ್ಲಿಗೆ ಬೇಕಾದ್ರೂ ಕರ್ಕೊಂಡ್ಹೋಗು. ಅಲ್ಲೀವರೆಗೂ ಇವರು ನನ್ನ ತಮ್ಮನ ಪುರೋಹಿತರು."

ಹಾಳೆ ಹರಿದುಕೊಂಡು ಹೋಗಿ ಆ ಖಾಲಿ ಕೈಯಲ್ಲಿಟ್ಟೆ.

"ಒಳಗೆ ಓದ್ಬೇಕು ಗುರುಗಳೇ. ದೇವಿ ಎದುರಿಗೆ. ಪೂರ್ತಿ ಹೆಸರು. ಗಟ್ಟಿಯಾಗಿ."

ಅವರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆ ಅಕ್ಷರಗಳನ್ನು ಅವರು ತಮ್ಮ ಅರ್ಧ ಆಯುಷ್ಯ ಓದಿದ್ದರು. ಆಮೇಲೆ ನನಗೊಬ್ಬಳಿಗೇ ಕೇಳುವಂತೆ ಬಗ್ಗಿ ಹೇಳಿದರು:

"ಓದ್ತೀನಿ. ಆದ್ರೆ ಗುಯಿಮೆಯ್, ಓದಿ ಮುಗಿಸಿದ್ಮೇಲೆ ನನ್ನನ್ನ ಏನೂ ಕೇಳ್ಬೇಡ. ಕೊನೇ ಉಸಿರಲ್ಲಿ ನಿನ್ನ ತಮ್ಮ ನನ್ನ ಹತ್ರ ಒಂದು ಮಾತು ತಗೊಂಡ. ಅದು ನಿನ್ನ ವಿಷಯದ್ದು, ನಿನಗೆ ಹೇಳಬಾರದು ಅಂತ."

ಕೊನೆಯ ಉಸಿರಲ್ಲಿ. ಹಾಗಾದರೆ ಇವರು ಅಲ್ಲಿದ್ದರು. ಖಾಲಿ ಹಾಳೆ ತಳ್ಳಿದ್ದೂ, ಬೋಹಾನನ ಬಾಯಿಗೆ ಸುಳ್ಳು ಹಾಕಿದ್ದೂ ಇವರೇ.

 ನಾನು ಒಳಗಿನ ಮಂಟಪದ ಕಡೆ ಕೈ ತೋರಿಸಿದೆ. "ಮೊದಲು ಓದಿ. ಆಮೇಲೆ ಕೇಳೋಳು ನಾನು, ಹೇಳೋರು ನೀವು. ಸತ್ತವನು ತಗೊಂಡ ಮಾತಾದ್ರೂ ಸರಿ."

ಕುವೋ ಗಂಟೆ ಬಾರಿಸಿದರು. ಅವರು ಹೊಸ್ತಿಲು ದಾಟಿ ಒಳಗೆ ನಡೆದರು. ಹಿಂದೆಯೇ ನಾನು ಹೋದೆ, ನನ್ನ ಹಿಂದೆ ಯೆನ್, ಬೀದಿಯ ಹೆಂಗಸರು, ತಲೆ ತಗ್ಗಿಸಿದ ಕೋ. ತಗ್ಗು ಮೇಜು ಹೊರಗೇ ಉಳಿಯಿತು. ಕಲ್ಲಿನ ಮೇಲೆ ಮಂಡಿಯೂರಿದೆ. ಮೇಲೆ ಆ ಕಂಠ ನನ್ನ ತಮ್ಮನ ಊರನ್ನು ಹೇಳಿತು, ಮನೆತನವನ್ನು ಹೇಳಿತು, ಲಾಯ್ ಕುನ್‌ತಾ ಎಂದು ಗಟ್ಟಿಯಾಗಿ ಕರೆಯಿತು, 'ಆಯುಷ್ಯ ತೀರಿ ಹೋದವರು' ಎಂಬಲ್ಲಿ ಒಂದು ಕ್ಷಣ ತಡೆದು, ಅದನ್ನೂ ಓದಿತು. ನಾನು ಹಣೆಯನ್ನು ನೆಲಕ್ಕೆ ಮುಟ್ಟಿಸಿದೆ.

ತಾಯೀ, ಓದುತ್ತಿರುವ ಬಾಯಿ ಯಾರದೆಂದು ನೀನು ಎಣಿಸಬೇಡ. ಅದರ ಲೆಕ್ಕವನ್ನು ನಾನು ಕೇಳುತ್ತೇನೆ. ನೀನು ಹೆಸರನ್ನು ಮಾತ್ರ ಕೇಳು. ಕಡಲಿನಲ್ಲಿ ದಿಕ್ಕು ತಪ್ಪಿದವರನ್ನು ದಡಕ್ಕೆ ತಂದವಳು ನೀನು. ನನ್ನ ತಮ್ಮ ಯಾರಿಗೂ ಸೋತವನಲ್ಲ, ಆದರೆ ಕಾಲು ನೋವಿನವನು, ನಿಧಾನವಾಗಿ ನಡೆಯುತ್ತಾನೆ. ಅವನ ಜೊತೆ ನಿಧಾನವಾಗಿ ನಡೆ. ಕತ್ತಲಿರುವ ಕಡೆ ದೀಪ ಹಿಡಿ. ಅವನ ಮನಸ್ಸಿನಲ್ಲಿ ಭಯ ಉಳಿದಿದ್ದರೆ ಒರೆಸಿಹಾಕು, ನನ್ನ ಚಿಂತೆ ಉಳಿದಿದ್ದರೆ ಅದನ್ನೂ ಒರೆಸಿಹಾಕು. ಅವನು ಶಾಂತಿಯಿಂದ ದಾಟಲಿ, ತಾಯೀ. ಶಾಂತಿಯಿಂದ ಇರಲಿ.